ಹಾಡಿಲ್ಲದೆ ಹೊರಟ ಹೆಣ್ಣು

ಇಜ್ಜಾ ದನಿ ಎತ್ತದೆ ಅಟ್ಲಾಸ್ ಬೆಟ್ಟದ ಆ ಹಳ್ಳಿಯಿಂದ ಒಂದು ಹೆಣ್ಣೂ ಗಂಡನ ಮನೆಗೆ ಹೊರಟದ್ದಿಲ್ಲ. ಮದುವಣಗಿತ್ತಿಯನ್ನು ಹೇಸರಗತ್ತೆಯ ಮೇಲೆ ಕೂರಿಸಿದ ಮೇಲೆ ಹೆಂಗಸರು ಸುತ್ತ ನಿಂತು ಹಾಡಬೇಕು, ಹೆಣ್ಣು ಬಿಕ್ಕಿ ಅಳಬೇಕು, ಆಮೇಲೆ ಕತ್ತೆ ಹೆಜ್ಜೆ ಎತ್ತಬೇಕು. ಹಾಡಿಲ್ಲದೆ ಹೊರಟವಳು ತವರಿಗೆ ಬೇಡವಾದವಳು ಎಂದೇ ಅರ್ಥ. ದಮ್ಮಡಿ ಬಾರಿಸುತ್ತ ಮೊದಲ ಸಾಲು ಎತ್ತುವ ಹಕ್ಕು ಇಜ್ಜಾಳದು. ಬಾಯಿ ಜೋರು, ಗಂಟಲು ಅದಕ್ಕಿಂತ ಜೋರು.

ಆ ವರ್ಷ ಹಿಮ ಕರಗಿ ಹೊಳೆ ಉಕ್ಕಿತ್ತು. ಹೆರಿಗೆ ನೋವು ತಿನ್ನುತ್ತಿದ್ದ ಊರಿನ ತೂದಾ ಎಂಬವಳನ್ನು ದಾಟಿಸಲು ಸೇತುವೆ ಇರಲಿಲ್ಲ. ಆಚೆ ದಡದಲ್ಲಿ ಆಂಬುಲೆನ್ಸ್ ಕಾಣುತ್ತಿರುವಾಗಲೇ ಈಚೆ ದಡದಲ್ಲಿ ಅವಳ ಜೀವ ಹೋಯಿತು. ಗಂಡಸರೇನು ಕೆಟ್ಟವರಲ್ಲ. ಹೆಣ ಹೊತ್ತರು, ದೇವರ ಇಚ್ಛೆ ಎಂದರು, ಪುದೀನ ಚಹಾ ಕುಡಿದು ಎದ್ದು ಹೋದರು.

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ, ಹೆಂಗಸರ ನಡುವೆ ಇಜ್ಜಾ ಸೆಟೆದು ನಿಂತಳು. “ಈ ಗಂಡಸರಿಗೆ ನಮ್ಮ ಪ್ರಾಣಕ್ಕಿಂತ ತಮ್ಮ ಮಾನ ದೊಡ್ಡದು ತಾನೆ? ಅಲ್ಲೇ ಹಿಡಿಯೋಣ. ಸೇತುವೆ ಆಗೋ ತನಕ ಈ ಊರಿನ ಯಾವ ಮದುವೇಲೂ ಹಾಡಬಾರದು.”

ಒದ್ದೆ ಕೈಗಳನ್ನು ಒಂದರ ಮೇಲೊಂದು ಇಟ್ಟು ಎಲ್ಲರೂ ಆಣೆ ಮಾಡಿದರು. ಎಲ್ಲಕ್ಕಿಂತ ಮೇಲೆ ಇದ್ದದ್ದು ಗೆಳತಿ ಫಾದ್ಮಾಳ ಕೈ. ಸುದ್ದಿ ಕೇಳಿ ಊರ ಯಜಮಾನ ಬ್ರಾಹಿಂ ಹೊಟ್ಟೆ ಹಿಡಿದು ನಕ್ಕ. “ಪುಣ್ಯ ಬಂತು! ಇನ್ನಾದ್ರೂ ನಮ್ಮ ಕಿವಿಗೆ ನೆಮ್ಮದಿ.”

ಸುಗ್ಗಿ ಮುಗಿಯಿತು. ಮೊದಲು ಗೊತ್ತಾದ ಮದುವೆ ಯಾರದೆಂದರೆ ಇಜ್ಜಾಳ ಒಬ್ಬಳೇ ಮಗಳು ಕೆಲ್ತೂಮಳದು. ವರ ಹೊಳೆಯಾಚೆಯ ಹಳ್ಳಿಯವನು.

“ಇದೊಂದಕ್ಕೆ ಹಾಡಿಬಿಡೋಣ ಕಣೇ,” ಎಂದಳು ಫಾದ್ಮಾ. “ಯಾರೂ ಏನೂ ಅನ್ನಲ್ಲ.”

“ನನ್ನ ಮಗಳಿಗೆ ಬಿಟ್ಟುಕೊಟ್ಟು, ನಾಳೆ ನಿಮ್ಮ ಬಾಯಿ ಮುಚ್ಚಿಸೋಕೆ ಯಾವ ಮುಖ ಹೊತ್ಕೊಂಡು ಬರ್ಲಿ?”

ಕೈತುಂಬ ಮದರಂಗಿ ಮೆತ್ತಿಕೊಂಡು ಕೂತಿದ್ದ ಕೆಲ್ತೂಮ್ ತಾಯಿಯ ಮಂಡಿಗೆ ತಲೆ ಒತ್ತಿದಳು. “ಎರಡೇ ಸಾಲು ಅಮ್ಮಾ. ಮೆಲ್ಲಗೆ. ನನಗೊಬ್ಬಳಿಗೆ ಕೇಳಿಸೋ ಹಾಗೆ.”

ಇಜ್ಜಾ ಹಲ್ಲು ಕಚ್ಚಿ ಕೂತಳು. ಆ ಎರಡು ಸಾಲು ಹಾಡಿದ್ದರೆ ಯಾವ ಹೊಳೆ ಬತ್ತಿಹೋಗುತ್ತಿತ್ತು, ಯಾವ ಬೆಟ್ಟ ಉರುಳುತ್ತಿತ್ತು? ಆದರೆ ಆಣೆಯನ್ನು ಆಣೆಯೆಂದೇ ನಂಬುವ ಪೆದ್ದಿ ಆ ಊರಲ್ಲಿ ಅವಳೊಬ್ಬಳೇ ಎಂದು ಅವಳಿಗಿನ್ನೂ ಗೊತ್ತಿರಲಿಲ್ಲ.

ಹೆಣ್ಣನ್ನು ಹೇಸರಗತ್ತೆಯ ಮೇಲೆ ಕೂರಿಸಿದರು. ಹೆಂಗಸರು ಸಾಲಾಗಿ ನಿಂತರು, ತುಟಿ ಬಿಚ್ಚಲಿಲ್ಲ. ಬೀಗಿತ್ತಿ ಸುತ್ತಲೂ ನೋಡಿ ಕೇಳಿದಳು, “ಯಾಕೆ, ಈ ಮನೇಲಿ ಯಾರಾದ್ರೂ ತೀರಿಕೊಂಡ್ರಾ?” ಕೆಲ್ತೂಮ್ ಅಳಲೂ ಇಲ್ಲ. ಕತ್ತೆಯ ಕೊರಳ ಗಂಟೆಯ ಸದ್ದು ಇಳಿಜಾರಿನುದ್ದಕ್ಕೂ ಕೇಳಿಸುತ್ತಲೇ ಇತ್ತು.

ಇನ್ನೂ ಚಳಿ ಬಿದ್ದಿರಲಿಲ್ಲ, ಯಜಮಾನ ಬ್ರಾಹಿಂ ತನ್ನ ಮಗಳ ಮದುವೆ ಇಟ್ಟುಕೊಂಡ. ಕುರಿಗಳನ್ನು ಕಡಿಸಿದ. ಹೆಂಗಸರಿಗೆಲ್ಲ ಒಂದೊಂದು ಹೂವಿನ ತಲೆವಸ್ತ್ರ ಕಳಿಸಿದ. ಇಜ್ಜಾ ತನ್ನದನ್ನು ತಂದವನ ಕೈಗೇ ತುರುಕಿ ಕಳಿಸಿದಳು. ಆ ಸಂಜೆ ಹಿಟ್ಟು ನಾದುತ್ತಿದ್ದಾಗ ಮೇಲಿನ ಬೀದಿಯಿಂದ ದಮ್ಮಡಿಯ ಸದ್ದು ಬಂತು. ಹಿಟ್ಟಿನ ಕೈಯಲ್ಲೇ ಎದ್ದು ಓಡಿದಳು. ಊರಿಗೆ ಊರೇ ಹಾಡುತ್ತಿತ್ತು. ನಡುವೆ, ಇವಳು ನಿಲ್ಲಬೇಕಾದ ಜಾಗದಲ್ಲಿ, ಫಾದ್ಮಾ ಮೊದಲ ಸಾಲು ಎತ್ತುತ್ತಿದ್ದಳು.

ಇವಳನ್ನು ಕಂಡು ಫಾದ್ಮಾ ಹತ್ತಿರ ಬಂದಳು. “ಸೇತುವೆ ಮಾಡಿಸ್ತೀನಿ ಅಂತ ಯಜಮಾನ್ರು ಬಾಯಿಬಿಟ್ಟು ಹೇಳಿದ್ದಾರೆ ಕಣೇ. ಅಷ್ಟು ದೊಡ್ಡೋರ ಮನೆ ಹೆಣ್ಣನ್ನ ಸುಮ್ನೆ ಕಳಿಸೋಕಾಗುತ್ತಾ?”

“ತಲೆವಸ್ತ್ರ ನಿನಗೆ ಚೆನ್ನಾಗಿ ಒಪ್ಪುತ್ತೆ,” ಎಂದಳು ಇಜ್ಜಾ. ಅಂದಿನಿಂದ ಅವಳು ದಮ್ಮಡಿ ಮುಟ್ಟಲಿಲ್ಲ.

ಸೇತುವೆ ಆಗಲಿಲ್ಲವೆಂದಲ್ಲ. ವರ್ಷಗಳ ಮೇಲೆ, ಬ್ರಾಹಿಂನ ಅಕ್ರೋಟು ತೋಟಕ್ಕೆ ಲಾರಿ ಬರಬೇಕಾದಾಗ ಆಯಿತು. ಗಟ್ಟಿಯಾಗಿಯೇ ಆಯಿತು. ಅಷ್ಟು ವರ್ಷವೂ ಕೆಲ್ತೂಮ್ ತವರಿಗೆ ಬರಲಿಲ್ಲ. ಹೇಳಿ ಕಳಿಸಿದಾಗೆಲ್ಲ ಹೊಳೆಯ ನೆಪ ಬರುತ್ತಿತ್ತು. ಈಗ ಆ ನೆಪವೂ ಇರಲಿಲ್ಲ. ಇಜ್ಜಾ ದಾರಿ ನೋಡಿದಳು. ಕೊನೆಗೆ ಬಾದಾಮಿಯ ಗಂಟು ಕಟ್ಟಿಕೊಂಡು ತಾನೇ ಸೇತುವೆ ದಾಟಿ ಹೋದಳು.

ಕೆಲ್ತೂಮ್ ಒಳ್ಳೆಯ ಚಾಪೆ ಹಾಸಿದಳು. ಎತ್ತರದಿಂದ ನೊರೆಯೆಬ್ಬಿಸಿ ಚಹಾ ಸುರಿದಳು. ರೊಟ್ಟಿ, ಆಲಿವ್ ಎಣ್ಣೆ, ಜೇನು ಎಲ್ಲ ತಂದಿಟ್ಟಳು. ಗುರುತಿಲ್ಲದ ಅತಿಥಿಗೆ ಯಾವುದರಲ್ಲಿ ಕೊರತೆ ಮಾಡಬಾರದೋ ಅದ್ಯಾವುದರಲ್ಲೂ ಕೊರತೆ ಮಾಡಲಿಲ್ಲ.

ಬಾಗಿಲ ಸಂದಿನಿಂದ ಪುಟ್ಟ ಹುಡುಗಿಯೊಂದು ಇಣುಕಿತು. “ಅಮ್ಮಾ, ಇವರ್ಯಾರು?”

ಕೆಲ್ತೂಮ್ ಲೋಟ ತುಂಬಿಸುತ್ತಲೇ ಹೇಳಿದಳು, “ಹೊಳೆಯಾಚೆಯವರು ಮಗಾ. ಸೇತುವೆ ಬೇಕು ಅಂತಿದ್ರಲ್ಲ, ಅವರು.”