ಮೂಗು ಕಟ್ಟಿದ ದಿನದ ಸ್ಟೌಟ್

ನನ್ನ ತಮ್ಮನ ಹೆಂಡತಿಯ ಮೂಗಿಗೆ ಸಮನಾದ ಮೂಗು ಈ ಭೂಮಂಡಲದಲ್ಲಿಲ್ಲ. ಮೂರನೇ ಬೀದಿಯಲ್ಲಿ ಹಾಲು ಸೀದರೆ ಅವಳು ನಮ್ಮ ಅಡುಗೆಮನೆಯ ಒಲೆ ಆರಿಸುತ್ತಾಳೆ. ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರು ಯಾವ ಸೋಪು ಹಚ್ಚುತ್ತಾರೆ ಎಂಬುದನ್ನು ನಾನು ಬಾಗಿಲು ದಾಟುವುದರೊಳಗೆ ಹೇಳುತ್ತಾಳೆ.

ಅಂಥ ಮೂಗು, ಬೇಕಾದ ದಿನವೇ ನೆಗಡಿಯಾಗಿ ಕಟ್ಟಿಕೊಂಡಿತು.

ಅವಳು ಸಣ್ಣದೊಂದು ಬ್ರೂವರಿಯಲ್ಲಿ ಬಿಯರ್ ತಯಾರಿಸುತ್ತಾಳೆ. ಚಳಿಗಾಲಕ್ಕೆಂದೇ ವರ್ಷಕ್ಕೊಂದು ಸಲ ಇಂಪೀರಿಯಲ್ ಸ್ಟೌಟ್ ಎಂಬ ಗಟ್ಟಿ ಬಿಯರ್: ಕಪ್ಪಗೆ ಹುರಿದ ಬಾರ್ಲಿಯದು, ತಿಂಗಳುಗಟ್ಟಲೆ ಮರದ ಪೀಪಾಯಿಯಲ್ಲಿ ಮಲಗಿ ಎದ್ದದ್ದು. ಅದರಲ್ಲಿ ಚಮಚ ನಿಲ್ಲಿಸಿದರೆ ನಿಲ್ಲುವುದಷ್ಟೇ ಅಲ್ಲ, ಸೆಲ್ಯೂಟ್ ಹೊಡೆಯುತ್ತದೆ. ಹೋದ ವರ್ಷದ್ದು ಹುಳಿಯೇರಿ ಪೂರ್ತಿ ಚರಂಡಿ ಪಾಲಾಗಿತ್ತು. ಈ ಸಲವೂ ಹಾಗಾದರೆ ಇನ್ನು ಸ್ಟೌಟೇ ಬೇಡ ಎಂದು ಮಾಲೀಕ ಹೇಳಿಬಿಟ್ಟಿದ್ದ. ಬಾಟಲಿಗೋ ಚರಂಡಿಗೋ, ಇವತ್ತೇ ಅವಳು ತೀರ್ಮಾನಿಸಬೇಕು. ಅವಳಿಗೋ ಬಿಯರಿಗೂ ಬಿಸಿನೀರಿಗೂ ವ್ಯತ್ಯಾಸ ತಿಳಿಯದ ಸ್ಥಿತಿ. ಬಾಟಲಿ ತುಂಬುವವರಿಂದ ಮಾಲೀಕನವರೆಗೆ ಎಲ್ಲರಿಗೂ ಅದೇ ನೆಗಡಿ ಹಂಚಿಕೆಯಾಗಿತ್ತು. ಬೇರೆ ಗತಿಯಿಲ್ಲದೆ ತಮ್ಮನನ್ನೂ ನನ್ನನ್ನೂ ಕರೆಸಿ, ಪೀಪಾಯಿಗಳ ಮುಂದೆ ಸ್ಟೂಲಿನ ಮೇಲೆ ಕೂರಿಸಿ, ತುಂಬಿದ ಜಗ್ಗೊಂದನ್ನು ಇಟ್ಟಳು.

"ವಿನೆಗರ್ ಥರ ಹುಳಿ ಇದೆಯಾ, ಅಷ್ಟು ಹೇಳಿ ಸಾಕು."

ತಮ್ಮ ಗುಟುಕರಿಸಿ, ಕಣ್ಣು ಮುಚ್ಚಿ, "ಕಪ್ಪಗಿದೆ" ಎಂದ.

"ನೆಗಡಿ ಬಂದಿರೋದು ಮೂಗಿಗೆ ಕಣ್ರೀ, ಕಣ್ಣಿಗಲ್ಲ!"

"ಒಂಥರಾ ಗಂಭೀರವಾಗಿದೆ."

"ನಾನು ಕೇಳ್ತಿರೋದು ಬಿಯರ್ ಬಗ್ಗೆ, ನಿಮ್ಮಪ್ಪನ ಫೋಟೋ ಬಗ್ಗೆ ಅಲ್ಲ!"

ಅವನಪ್ಪ ನನಗೂ ಅಪ್ಪನೇ ಆದ್ದರಿಂದ ನಾನು ಕೆಮ್ಮಿದೆ.

"ಭಾವ, ನೀವಾದ್ರೂ ನೆಟ್ಟಗೆ ಹೇಳಿ."

ನಾನು ನೆಟ್ಟಗೇ ಹೇಳಿದೆ. ಮೊದಲ ಗುಟುಕಿನಲ್ಲಿ ಕಾಫಿ, ಆಮೇಲೆ ಸುಟ್ಟ ಸಕ್ಕರೆ, ಅದರ ಹಿಂದೆ ಹಳೇ ಪುಸ್ತಕದಂಗಡಿ, ಕೊನೆಗೆ ಮಳೆಯಲ್ಲಿ ನೆನೆದ ಕುದುರೆ.

"ಹುಳಿ ಇದೆಯಾ?"

"ಕುದುರೆ ಸ್ವಲ್ಪ ಮುನಿಸ್ಕೊಂಡಿದೆ, ಅಷ್ಟೇ."

ಅವಳು ಹಣೆ ಚಚ್ಚಿಕೊಂಡಳು. "ಈ ಮನೆಯ ಗಂಡಸರಿಗೆ ನಾಲಿಗೆ ಇರೋದೇ ಮಾತಾಡೋಕೆ!"

"ಕಹಿ ಜಾಸ್ತಿ, ನನಗ್ಯಾಕೋ ಹಿಡಿಸ್ಲಿಲ್ಲ" ಎನ್ನುತ್ತ ತಮ್ಮ ಜಗ್ ಎತ್ತಿದ. ಎಷ್ಟು ಕಹಿಯೆಂದು ಖಚಿತಪಡಿಸಿಕೊಳ್ಳಲು ನಾನೂ ಗ್ಲಾಸ್ ಒಡ್ಡಿದೆ. ದಪ್ಪ ಜಾಸ್ತಿ ಎಂದೆ. ಇನ್ನೊಂದು ಗ್ಲಾಸ್ ಮುಗಿಸಿ, ಘಾಟು ಜಾಸ್ತಿ ಎಂದೆ. ಅವಳು ಸೊಂಟಕ್ಕೆ ಕೈಯಿಟ್ಟು ನೋಡುತ್ತ ನಿಂತಳು. ಜಗ್ ಬೋರಲಾಗಿ ಕೊನೆಯ ಹನಿ ಬಿದ್ದ ಕೂಡಲೇ ತಿರುಗಿ ಕೂಗಿದಳು: "ಬಾಟಲಿಗೆ ತುಂಬಿಸ್ರೋ!"

"ಅಲ್ಲಮ್ಮಾ, ನಾವಿನ್ನೂ ಚೆನ್ನಾಗಿದೆ ಅಂತ ಹೇಳೇ ಇಲ್ವಲ್ಲ?"

"ಹೋದ ವರ್ಷ ಬಾಯ್ತುಂಬ ಹೊಗಳಿ, ನಾನು ಆಚೆ ತಿರುಗಿದ ತಕ್ಷಣ ಆ ಹೂಕುಂಡಕ್ಕೆ ಸುರಿದ್ರಲ್ಲ ಭಾವ, ನಂಗೆ ಗೊತ್ತಿಲ್ಲ ಅಂದ್ಕೊಂಡ್ರಾ? ಪಾಪ, ಗಿಡ ಒಣಗೇ ಹೋಯ್ತು. ಈ ಸಲ ಬೈತಾ ಬೈತಾ ಜಗ್ ಖಾಲಿ ಮಾಡಿದೀರಿ. ನಿಮ್ಮ ನಾಲಿಗೆ ನಂಬೋದು ನಾನು ಯಾವತ್ತೋ ಬಿಟ್ಟೆ. ಗಂಟಲು ಮಾತ್ರ ಸುಳ್ಳು ಹೇಳಲ್ಲ!"