ಮೂರು ಮೊಳದ ಹಗ್ಗ

ಮೊನ್ನೆ ಚೌಡಾಪುರದಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಎಲ್ಲಿಂದಲೋ ಕೊಳೆತ ಪುಂಡಿಯ ವಾಸನೆ ಬಂತು. ರಸ್ತೆಯಾಚೆ ನೀರು ನಿಂತ ತಗ್ಗಿನಲ್ಲಿ ಯಾರೋ ಪುಂಡಿಯ ಕಟ್ಟುಗಳನ್ನು ನೆನೆಹಾಕಿ ಮೇಲೆ ಕಲ್ಲು ಹೇರಿದ್ದರು. ನಾರು ಬಿಡಿಸಿ ಹಗ್ಗ ಹೊಸೆಯುವವರು ಇನ್ನೂ ಉಳಿದಿದ್ದಾರೆ ಎನ್ನುವುದೇ ನನಗೆ ಆಶ್ಚರ್ಯ. ಪಕ್ಕದಲ್ಲಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನಾನು ಹಿಡಿಯಲಿಲ್ಲ. ಆ ವಾಸನೆಯಲ್ಲಿ ಕೆಸರು, ಹಸಿ ತೊಗಟೆ, ಸತ್ತ ಮೀನು ಎಲ್ಲವೂ ಸ್ವಲ್ಪ ಸ್ವಲ್ಪ ಇರುತ್ತವೆ. ನನ್ನ ಪಾಲಿಗೆ ಅದು ಭೀಮಾ ಹೊಳೆಯ ದಂಡೆಯ ವಾಸನೆ, ನಾನು ಹುಟ್ಟಿ ಬೆಳೆದ ವಾಡೆಯ ಹಿಂದಿನ ಮೆಟ್ಟಿಲುಗಳ ವಾಸನೆ, ಅಂಬಿಗರ ಹಣಮಂತಪ್ಪನ ಅಂಗೈಯ ವಾಸನೆ. ನಿಮಗೂ ಬಾಲ್ಯವನ್ನು ಎಳೆದು ತರುವ ಇಂಥದ್ದೊಂದು ವಾಸನೆ ಇದ್ದೀತು. ಅದು ಮಲ್ಲಿಗೆಯದೋ ಕಾಸಿದ ತುಪ್ಪದ್ದೋ ಆಗಿದ್ದರೆ ನೀವು ಪುಣ್ಯವಂತರು. ನನ್ನದು ಮೂಗು ಮುಚ್ಚಿಕೊಳ್ಳುವಂಥದ್ದು, ನಮ್ಮ ಮನೆತನದ ಹಾಗೆ.

ನಮ್ಮ ಬಳಗದವರು ಈಗ ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ಬಿದ್ದುಹೋದ ವಾಡೆಯ ಹಳೆಯ ಫೋಟೋಗಳನ್ನು ದಿನಾ ಬೆಳಿಗ್ಗೆ ಹಾಕುತ್ತಾರೆ, ಕೆಳಗೆ ಕೈಮುಗಿಯುವ ಚಿತ್ರ ಅಂಟಿಸುತ್ತಾರೆ. ಎಂಥ ಬಾಗಿಲು, ಎಂಥ ತೊಲೆ, ಎಂಥ ಮಂದಿ ಎಂದು ಒಬ್ಬರ ಬೆನ್ನು ಒಬ್ಬರು ತಟ್ಟಿಕೊಳ್ಳುತ್ತಾರೆ. ಬಾಗಿಲು ದೊಡ್ಡದಾಗಿತ್ತು, ಸುಳ್ಳಲ್ಲ. ಒಳಗಿದ್ದವರು ಸಣ್ಣವರಾಗಿದ್ದರು. ಶ್ರಾವಣ ಪೂರ್ತಿ ನಮ್ಮ ಪಡಸಾಲೆಯಲ್ಲಿ ಶರಣರ ಪುರಾಣ ನಡೆಯುತ್ತಿತ್ತು. ಕಾಯಕದಲ್ಲಿ ಮೇಲು ಕೀಳಿಲ್ಲ ಎಂಬ ಮಾತು ಬಂದಾಗ ನಮ್ಮ ದೊಡ್ಡಪ್ಪ ಕಣ್ಣು ಮುಚ್ಚಿ ತಲೆದೂಗುತ್ತಿದ್ದ. ಪುರಾಣ ಮುಗಿದ ಮೇಲೆ ಅದೇ ಬಾಯಿಯಿಂದ ಹಿತ್ತಲಲ್ಲಿ ನಿಂತ ಹಣಮಂತಪ್ಪನನ್ನು ‘ಲೇ ಅಂಬಿಗ್ಯಾ’ ಎಂದು ಕೂಗುತ್ತಿದ್ದ. ನನ್ನ ಅಪ್ಪ ಅವನ ತಮ್ಮ. ಅಣ್ಣನೆದುರು ಕೆಮ್ಮುವುದಕ್ಕೂ ಅಪ್ಪಣೆ ಬೇಡುವ ಮನುಷ್ಯ, ಅವನ ಬಗ್ಗೆ ಹೆಚ್ಚಿಗೆ ಹೇಳುವುದೇನಿಲ್ಲ. ದೊಡ್ಡಪ್ಪನಿಗೆ ಲೋಕದಲ್ಲಿ ಗೊತ್ತಿದ್ದದ್ದು ಎತ್ತುಗಳ ವಿಷಯ ಒಂದೇ. ನಮ್ಮ ಕೊಟ್ಟಿಗೆಯಲ್ಲಿ ಪ್ರತಿ ದನದ ಹಗ್ಗವೂ ಮೂರು ಮೊಳ, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ಅದಕ್ಕಿಂತ ಉದ್ದ ಬಿಟ್ಟರೆ ದನ ಪಕ್ಕದ ಗೋದಲಿಗೆ ಬಾಯಿ ಹಾಕುತ್ತದೆ, ಆಳು ಉದ್ದ ಬಿಟ್ಟರೆ ಮಾಲಕನ ತಲೆ ಮೇಲೆ ಕೂರುತ್ತಾನೆ ಎಂದು ಅವನ ನಂಬಿಕೆ. ಗಂಟು ಹಾಕಿದ ಮೇಲೆ ಹಗ್ಗವನ್ನು ಎರಡು ಸಲ ಜಗ್ಗಿ ನೋಡಿ, ಅಂಗೈಗೆ ಅಂಗೈ ತಟ್ಟಿ, ಊರಿಗೇ ಉಪಕಾರ ಮಾಡಿದವನ ಹಾಗೆ ನಡೆದು ಬರುತ್ತಿದ್ದ.

ಹಣಮಂತಪ್ಪನ ಮನೆತನದವರು ಎಷ್ಟೋ ತಲೆಮಾರಿನಿಂದ ಹೊಳೆ ದಾಟಿಸುವವರು. ಆಗ ನಮ್ಮೂರ ಹತ್ತಿರ ಸೇತುವೆ ಇರಲಿಲ್ಲ. ಮಳೆಗಾಲದಲ್ಲಿ ಈ ಅಫಜಲಪುರದ ದಂಡೆಯಿಂದ ಆ ಜೇವರ್ಗಿಯ ದಂಡೆಗೆ ಹೋಗಬೇಕೆಂದರೆ ಅವನ ದೋಣಿಯೊಂದೇ ದಾರಿ. ಸಂತೆಗೆ ಹೋಗುವವರು, ತವರಿಗೆ ಹೋಗುವ ಹೆಣ್ಣುಮಕ್ಕಳು, ಜ್ವರ ಬಂದ ಕೂಸುಗಳು, ಕುರಿಗಳು, ಗಂಟು ಮೂಟೆ ಎಲ್ಲವೂ ಅದರಲ್ಲಿ. ದೋಣಿಯ ಹಲಗೆ ನಮ್ಮ ಮನೆಯ ಮರದ್ದು ಎಂಬ ಕಾರಣಕ್ಕೆ ದೋಣಿಯೇ ನಮ್ಮದು ಎಂದು ದೊಡ್ಡಪ್ಪ ಹೇಳಿಕೊಳ್ಳುತ್ತಿದ್ದ. ಹಣಮಂತಪ್ಪನಿಗೆ ಹೊಲವಿರಲಿಲ್ಲ, ಮನೆಯೆಂದರೆ ಮಣ್ಣಿನ ನಾಲ್ಕು ಗೋಡೆ. ಅವನಿಗೆ ಇದ್ದದ್ದು ಒಂದು ಹೆಸರು: ಅವನು ನಿಲ್ಲಿಸಿದ ದೋಣಿ ಎಂಥ ಗಾಳಿಗೂ ನಿಂತಿರುತ್ತದೆ. ಎರಡೂ ದಂಡೆಯವರು ಆ ಹೆಸರನ್ನು ನಂಬಿ ಕೂಸುಗಳನ್ನು ಎತ್ತಿಕೊಂಡು ಅದರಲ್ಲಿ ಕೂರುತ್ತಿದ್ದರು.

ದೋಣಿಯನ್ನು ಅವನು ಮೆಟ್ಟಿಲ ಬಳಿ ಬಿಡುತ್ತಲೇ ಇರಲಿಲ್ಲ. ಜನ ಇಳಿದ ಕೂಡಲೇ ಹೊಳೆ ಬಾಗುವ ಕಡೆ, ದಿಬ್ಬದ ಮರೆಯಲ್ಲಿದ್ದ ಮಡುವಿಗೆ ಒಯ್ಯುತ್ತಿದ್ದ. ಬೀಸುವ ಕಲ್ಲಿನ ಹಳೆಯ ಹೋಳುಗಳೇ ಅವನ ಲಂಗರು. ನಡುವಿನ ತೂತಿನಲ್ಲಿ ಪುಂಡಿ ಹಗ್ಗ ಪೋಣಿಸಿ, ಕಲ್ಲನ್ನು ಎಸೆಯದೆ, ಮಗುವನ್ನು ತೊಟ್ಟಿಲಿಗೆ ಹಾಕುವಷ್ಟು ನಿಧಾನ ನೀರಿಗೆ ಇಳಿಸುತ್ತಿದ್ದ. ಆಮೇಲೆ ದೋಣಿಯನ್ನು ಹಿಂದಕ್ಕೆ ಸರಿಯಗೊಟ್ಟು ಹಗ್ಗ ಬಿಡುತ್ತಲೇ ಹೋಗುತ್ತಿದ್ದ. ಹಗ್ಗ ಹಲಗೆಗೆ ತಿಕ್ಕುವ ಜಾಗಕ್ಕೆ ಹಳೆಯ ಧೋತರದ ತುಂಡು ಸುತ್ತುತ್ತಿದ್ದ. ಗಾಳಿ ಎದ್ದ ದಿನ ಎರಡು ಕಲ್ಲು: ಒಂದು ನೀರು ಬರುವ ಕಡೆಗೆ, ಒಂದು ಗಾಳಿ ಬರುವ ಕಡೆಗೆ. ಎಲ್ಲ ಮುಗಿದ ಮೇಲೆ ಹಗ್ಗದ ಮೇಲೆ ಅಂಗೈ ಇಟ್ಟು ಸುಮ್ಮನೆ ಕೂರುತ್ತಿದ್ದ. ಕಲ್ಲು ತಳದಲ್ಲಿ ಜಾರುತ್ತಿದ್ದರೆ ಹಗ್ಗ ನಡುಗುತ್ತದಂತೆ. ದಂಡೆಗೆ ಈಜಿ ಬಂದು, ದೋಣಿಯ ಮೂತಿಗೂ ಆಚೆಯ ಬೇವಿನ ಮರಕ್ಕೂ ಒಂದು ಕಣ್ಣಳತೆ ಇಟ್ಟುಕೊಂಡು, ಬೀಡಿ ಸೇದಿ ಮುಗಿಸುವಷ್ಟು ಹೊತ್ತು ಆ ಅಳತೆ ಕದಲದಿದ್ದರೆ ಮಾತ್ರ ಮನೆಗೆ ಹೋಗುತ್ತಿದ್ದ. ನಾನು ದಿಬ್ಬದ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದೆ. ಇಷ್ಟುದ್ದ ಹಗ್ಗ ಯಾಕೆ ಎಂದು ಒಂದು ದಿನ ಕೇಳಿದ್ದಕ್ಕೆ ಅವನು ನಕ್ಕ.

“ಡೋಣಿ ದನ ಅಲ್ಲವ್ವಾ, ಓಡಿ ಹೋಗಿ ಯಾರ ಬೆಳಿನೂ ಮೇಯಂಗಿಲ್ಲ. ನೀರು ಏರಿದ್ರ ಅದೂ ಏರಬೇಕು, ಗಾಳಿ ತಿರಗಿದ್ರ ಅದೂ ತಿರಗಬೇಕು. ಒಂದಾಳು ನೀರಿಗಿ ಏಳಾಳು ಹಗ್ಗ ಬಿಡಬೇಕು. ಹಗ್ಗ ಗಿಡ್ಡಾತಂದ್ರ ಕಲ್ಲು ಮ್ಯಾಲೇಳ್ತದ, ಉದ್ದಿದ್ರ ಕಲ್ಲು ಮಲಗತದ. ಮೂತಿ ಮಾತ್ರ ತೆರಿಗಿ ಕೊಡಬೇಕು, ಪಕ್ಕಡಿ ಕೊಡಬಾರ್ದು.”

ಹತ್ತು ವರ್ಷದ ನನಗೆ ಒಂದೇ ಸಲಕ್ಕೆ ತಿಳಿದ ಈ ಮಾತು ಐವತ್ತು ವರ್ಷದ ದೊಡ್ಡಪ್ಪನಿಗೆ ತಿಳಿಯಲಿಲ್ಲ. ತಿಳಿಯುವುದು ಅವನ ಘನತೆಗೆ ಕಡಿಮೆಯಾಗಿತ್ತು.

ಆ ವರ್ಷ ಮಹಾನವಮಿಗೆ ಸ್ವಲ್ಪ ಮುಂಚೆ ದೊಡ್ಡಪ್ಪನ ಮಗಳನ್ನು, ಅಂದರೆ ನಮ್ಮ ಅಕ್ಕನನ್ನು, ನೋಡಲು ಜೇವರ್ಗಿ ಕಡೆಯಿಂದ ಬೀಗರು ಬಂದರು. ಹಣಮಂತಪ್ಪನೇ ಅವರನ್ನು ಬೆಳಿಗ್ಗೆ ದಾಟಿಸಿ ತಂದು, ದೋಣಿಯನ್ನು ಮಡುವಿನಲ್ಲಿ ಎರಡು ಕಲ್ಲಿನ ಮೇಲೆ ನಿಲ್ಲಿಸಿ, ಹಿತ್ತಲಿಗೆ ಬಂದು ನಿಂತಿದ್ದ. ಮನೆಯಲ್ಲಿ ಹೂರಣ ರುಬ್ಬುವ ಸದ್ದು, ತುಪ್ಪದ ಘಮ, ಹೊಸ ಸೀರೆಗಳ ಸರಪರ. ದೊಡ್ಡಪ್ಪ ಬೀಗರನ್ನು ಮಾಳಿಗೆಗೆ ಹತ್ತಿಸಿ ತನ್ನ ಹೊಲ, ತನ್ನ ಎತ್ತು, ತನ್ನ ಹೊಳೆ ಎಂದು ತೋರಿಸತೊಡಗಿದ. ಹೊಳೆಯೂ ಇವನದೇ. ತನ್ನ ದೋಣಿ ತೋರಿಸಲು ಹೋದರೆ ಅದು ದೂರದ ಮಡುವಿನಲ್ಲಿ ಉದ್ದ ಹಗ್ಗದ ಮೇಲೆ ಅತ್ತಿತ್ತ ಓಲಾಡುತ್ತಿತ್ತು. ಬೀಗರಲ್ಲಿ ಯಾರೋ ನಕ್ಕರು. ಅಷ್ಟೇ ಸಾಕಾಯಿತು. ದೊಡ್ಡಪ್ಪ ದಡದಡ ಇಳಿದು ಬಂದ. ನಾನು ಹಿಂದೆಯೇ ಓಡಿದೆ.

“ಲೇ ಅಂಬಿಗ್ಯಾ, ಡೋಣಿ ಭಿಕಾರಿ ಹಂಗ ತಿರಗಾಕತ್ತದ. ತಂದು ನಮ್ಮ ಮೆಟ್ಟಲಕ ಕಟ್ಟು, ಬೀಗ್ರು ನೋಡ್ಲಿ.”

“ಮೂಡಗಾಳಿ ಎದ್ದದ್ರಿ ಗೌಡ್ರ. ಮ್ಯಾಲೆ ಮಳಿ ಆಗ್ಯಾದಂತ, ಸಂಜಿತನಾ ನೀರು ಏರ್ತದ. ಗಾಳಿ ನೀರಿಗಿ ಎದುರು ಬಂದ್ರ ತೆರಿ ಭಾಳ ಏಳ್ತಾವ. ಮೆಟ್ಟಲಕ ಕಟ್ಟಿದ್ರ ಉಳಿಯಂಗಿಲ್ರಿ.”

“ನನಗ ಹೊಳಿ ಕಲಸ್ತಿಯೇನು? ನಮ್ಮ ಮುತ್ಯಾನ ಕಾಲದಿಂದ ನಮ್ಮನಿ ಹಿಂದೇ ಹರಿಯಾಕತ್ತದ ಅದು.”

ಹೊಳೆ ಮನೆಯ ಹಿಂದೆ ಹರಿದ ಮಾತ್ರಕ್ಕೆ ಅದರ ವಿದ್ಯೆ ಗೋಡೆ ದಾಟಿ ಒಳಗೆ ಬರುತ್ತದೆ ಎಂದು ನಮ್ಮವರು ನಿಜವಾಗಿ ನಂಬಿದ್ದರು. ಹಣಮಂತಪ್ಪ ದೋಣಿಯನ್ನು ತಂದ. ಹೊಸ ಪುಂಡಿ ಹಗ್ಗ ಉಗ್ರಾಣದಿಂದ ಬಂತು. ಅವನು ಅದನ್ನು ಉದ್ದ ಬಿಡಲು ನೋಡಿದ. ದೊಡ್ಡಪ್ಪ ಅವನ ಕೈಯಿಂದ ಕಿತ್ತುಕೊಂಡ. ಬೀಗರು ಮೇಲಿನಿಂದ ನೋಡುತ್ತಿದ್ದಾರಲ್ಲ, ಧೋತರ ಎತ್ತಿ ಕಟ್ಟಿ, ತಾನೇ ಮೊಳ ಹಾಕಿ ಅಳೆದು, ಕೆಳಗಿನ ಮೆಟ್ಟಿಲ ಎರಡು ಕಲ್ಲುಗೂಟಗಳಿಗೆ ದೋಣಿಯ ಎರಡೂ ತುದಿಯನ್ನು ಬಿಗಿದ. ಮೂರು ಮೊಳ ಆ ಕಡೆ, ಮೂರು ಮೊಳ ಈ ಕಡೆ. ಗಂಟು ಎರಡು ಸಲ ಜಗ್ಗಿದ. ಅಂಗೈ ತಟ್ಟಿಕೊಂಡ. ದೋಣಿ ಹೊಳೆಗೆ ಪಕ್ಕೆ ಕೊಟ್ಟು, ಹಾಲು ಹಿಂಡಲು ನಿಂತ ಎಮ್ಮೆಯ ಹಾಗೆ ನಿಂತಿತು. “ನೋಡು, ಈಗ ಬರೋಬರ್ ಆತು. ಹೋಗು, ಹಿತ್ತಲದಾಗ ಕಟಗಿ ಒಡಿ” ಎಂದ. ಹಣಮಂತಪ್ಪ ಗಂಟನ್ನೊಮ್ಮೆ, ಆಕಾಶವನ್ನೊಮ್ಮೆ ನೋಡಿ ಹೋದ.

ಹೋಳಿಗೆ ಉಂಡು ಬೀಗರೂ ನಮ್ಮವರೂ ಪಡಸಾಲೆಯಲ್ಲಿ ಹೊಟ್ಟೆ ಮೇಲೆ ಮಾಡಿ ಮಲಗಿದ್ದಾಗ ಗಾಳಿ ಜೋರಾಯಿತು. ಮೊದಲು ಮಾಳಿಗೆಯ ಬಾಗಿಲು ಬಡಿಯಿತು, ಆಮೇಲೆ ಹೊಳೆಯ ಕಡೆಯಿಂದ ಢಬ್ ಢಬ್ ಎಂದು ಕಲ್ಲಿಗೆ ಮರ ಬಡಿಯುವ ಸದ್ದು. ನಾನು ಮೆಟ್ಟಿಲಿಗೆ ಓಡಿದೆ. ನೀರು ಕೆಂಪಾಗಿ, ಕಸ ಹೊತ್ತು, ಆಗಲೇ ಮೂರು ಮೆಟ್ಟಿಲು ನುಂಗಿತ್ತು. ದೋಣಿ ಮೇಲೇಳಲು ಹೆಣಗುತ್ತಿತ್ತು, ಗಿಡ್ಡ ಹಗ್ಗ ಅದರ ಅಂಚನ್ನು ಹಿಡಿದು ಕೆಳಗೆ ಒತ್ತುತ್ತಿತ್ತು, ತೆರೆಗಳು ಒಂದರ ಹಿಂದೊಂದು ಒಳಕ್ಕೆ ಸುರಿಯುತ್ತಿದ್ದವು. ಹಣಮಂತಪ್ಪ ಕೈಯಲ್ಲಿ ಕೊಡಲಿ ಹಿಡಿದೇ ಓಡಿ ಬಂದು ನೀರಿಗಿಳಿದ. ಕೊಡಲಿ ಎತ್ತಿದ್ದ ಕೂಡ. ಅಷ್ಟರಲ್ಲಿ ಮೇಲಿನ ಮೆಟ್ಟಿಲಿಂದ ದೊಡ್ಡಪ್ಪನ ದನಿ ಕೇಳಿತು.

“ಕಡಿಬ್ಯಾಡ ಲೇ, ಹೊಸ ಹಗ್ಗ ಅದ. ಗಂಟು ಬಿಚ್ಚು.”

ಹೊಸ ಹಗ್ಗ. ಊರಿನ ಒಂದೇ ಒಂದು ದೋಣಿ ಕಣ್ಣೆದುರು ಮುಳುಗುತ್ತಿದ್ದಾಗ ಆ ಮನುಷ್ಯನಿಗೆ ಕಂಡದ್ದು ಹಗ್ಗ. ಅದಕ್ಕಿಂತ ಹೊಟ್ಟೆ ಉರಿಯುವುದು, ಹಣಮಂತಪ್ಪ ಆ ಮಾತು ಕೇಳಿದ್ದು. ಕೊಡಲಿಯನ್ನು ಮೆಟ್ಟಿಲ ಮೇಲಿಟ್ಟು, ನೆನೆದು ಬಿಗಿದ ಗಂಟಿಗೆ ಉಗುರು ಹಾಕಿದ, ಹಲ್ಲು ಹಾಕಿದ. ಪುಂಡಿ ನೆನೆದರೆ ಕಬ್ಬಿಣವಾಗುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಬಿಚ್ಚುತ್ತಲೇ ಇದ್ದ, ಯಾಕೆಂದರೆ ಗೌಡರು ಬಿಚ್ಚು ಎಂದಿದ್ದರು. ಕೊನೆಗೆ ತಾಳಲಾರದೆ ಕೊಡಲಿ ಎತ್ತಿ ಒಂದು ಹಗ್ಗ ಕಡಿದ. ಆಗ ತಡವಾಗಿತ್ತು. ನೀರು ತುಂಬಿದ ದೋಣಿ ಇನ್ನೊಂದು ಗೂಟಕ್ಕೆ ಜೋತುಬಿದ್ದು, ಮೆಟ್ಟಿಲ ಮೂಲೆಗೆ ಬಡಿದು, ನಡುಮಧ್ಯೆ ಬಾಯಿಬಿಟ್ಟಿತು. ಹಲಗೆಗಳು ಒಂದೊಂದಾಗಿ ಹೊಳೆಯ ಜೊತೆ ಹೋದವು. ಅವನು ಕುತ್ತಿಗೆಯವರೆಗಿನ ನೀರಿನಲ್ಲಿ ನಿಂತು ನೋಡಿದ.

ಸಂಜೆ ಕಟ್ಟೆಯ ಮೇಲೆ ಊರು ನೆರೆಯಿತು. ಯಾರು ಕಟ್ಟಿದ್ದರು ಎಂದು ಒಬ್ಬ ಮುದುಕ ಕೇಳಿದ. ಬೀಗರು ಎದುರಿಗೇ ಕೂತಿದ್ದರು. ಅವರು ಮಾಳಿಗೆಯಿಂದ ಎಲ್ಲ ಕಂಡಿದ್ದರೂ ಉಂಡ ಮನೆಯ ಮಾನ ಕಾಯುವ ಸಜ್ಜನರು, ತುಟಿ ಬಿಚ್ಚಲಿಲ್ಲ. ದೊಡ್ಡಪ್ಪ ಮೀಸೆ ಸವರಿ, “ಡೋಣಿ ಕಟ್ಟೂದು ಅಂಬಿಗ್ಯಾನ ಕೆಲಸ, ಮತ್ಯಾರು ಕಟ್ತಾರ? ಬೇಕಾದ್ರ ಈ ಕೂಸಿನ್ನ ಕೇಳ್ರಿ, ಅಲ್ಲೇ ಆಡಾಕತ್ತಿತ್ತು” ಎಂದ. ಎಲ್ಲರೂ ನನ್ನನ್ನು ನೋಡಿದರು. ನನ್ನ ಬಾಯಲ್ಲಿ ಬೀಗರು ತಂದ ಬೇಸನ್ ಉಂಡಿ ಇತ್ತು. ಹಣಮಂತಪ್ಪನೂ ನೋಡಿದ, ಒದ್ದೆ ಬಟ್ಟೆಯಲ್ಲೇ ದೂರ ನಿಂತಿದ್ದ. ನಾನು ದೊಡ್ಡಪ್ಪನ ಮುಖ ನೋಡಿ ಹೌದೆಂದು ತಲೆಯಾಡಿಸಿದೆ. ಆಮೇಲೆ ಉಂಡಿ ನುಂಗಿದೆ. ಹತ್ತು ವರ್ಷದ ಮಗು ಏನು ಮಾಡೀತು ಎಂದು ನೀವು ನನ್ನ ಪರವಾಗಿ ಹೇಳಬಹುದು, ಬೇಡ. ಏಳಾಳು ಹಗ್ಗದ ಲೆಕ್ಕ ತಿಳಿದ ಮಗುವಿಗೆ ಇದೂ ತಿಳಿದಿತ್ತು. ಹಣಮಂತಪ್ಪ ಕೊಡಲಿಯನ್ನು ಒಯ್ದು ನಮ್ಮ ಹಿತ್ತಲಲ್ಲಿ ಅದರ ಜಾಗದಲ್ಲಿಟ್ಟು ಮನೆಗೆ ಹೋದ.

ಆ ಹಂಗಾಮು ಮುಗಿಯುವವರೆಗೆ ಎರಡೂ ದಂಡೆಯ ಜನ ಅವನಿಗೆ ಹಿಡಿಶಾಪ ಹಾಕಿದರು. ಹಬ್ಬಕ್ಕೆ ತವರಿಗೆ ಹೋಗಲಾಗದ ಹೆಂಗಸರು ಹಾಕಿದರು, ದವಾಖಾನೆಗೆ ದೂರದ ಸೇತುವೆ ಸುತ್ತಿ ಹೋದವರು ಹಾಕಿದರು. ಮುಂದಿನ ವರ್ಷ ಹೊಸ ದೋಣಿ ಬಂದಾಗ ಹುಟ್ಟು ಬೇರೆಯವನ ಕೈಗೆ ಹೋಯಿತು. ಹಣಮಂತಪ್ಪ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಫರಸಿ ಕಲ್ಲಿನ ಗಣಿಗೆ ಹೋದ, ನೀರು ಕಾಣದ ಕಡೆ. ಬೀಗರು ಮಾತ್ರ ಮೂರು ದಿನ ಉಂಡು ಜೀಪಿನಲ್ಲಿ ಸುತ್ತುಹಾಕಿ ಊರು ಸೇರಿ, ಹುಡುಗಿ ಗಿಡ್ಡ ಎಂದು ಹೇಳಿ ಕಳಿಸಿದರು. ಈ ಒಂದು ವಿಷಯಕ್ಕೆ ನಾನು ಈಗಲೂ ನಗುತ್ತೇನೆ, ಪಾಪ ಅಕ್ಕನ ಮುಖ ನೆನೆದು ನಿಲ್ಲಿಸುತ್ತೇನೆ.

ಹದಿನೈದು ವರ್ಷದ ಮೇಲೆ, ನಾನು ಶಾಲೆ ಮಾಸ್ತರಿಣಿಯಾಗಿದ್ದಾಗ, ಜೇವರ್ಗಿಯಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಸೀಟಿನಲ್ಲಿ ಅವನು ಕೂತಿದ್ದ. ಕಲ್ಲಿನ ಪುಡಿಗೆ ಕೆಮ್ಮು ಹಿಡಿದಿತ್ತು, ಮೈ ಬಡಕಲಾಗಿತ್ತು. ನೆಲೋಗಿಯಲ್ಲಿ ಕೊಟ್ಟ ಮಗಳ ಮನೆಗೆ ಹೊರಟಿದ್ದ. ನನ್ನ ಗುರುತು ಹಿಡಿದು ಮನೆಯವರ ಕ್ಷೇಮ ಕೇಳಿದ, ಒಬ್ಬೊಬ್ಬರದಾಗಿ, ದೊಡ್ಡಪ್ಪನದೂ ಸೇರಿ. ನಾನು ಎಷ್ಟೋ ವರ್ಷದಿಂದ ಒಳಗೇ ಹೇಳಿಕೊಂಡಿದ್ದ ಮಾತನ್ನು ಕೊನೆಗೂ ಹೇಳಿದೆ, ಹೇಳಿದರೆ ಅವನಿಗೆ ಸಮಾಧಾನವಾದೀತು ಎಂದು.

“ತಪ್ಪು ನಿಮ್ಮದಲ್ಲಂತ ನನಗ ಗೊತ್ತಿತ್ತು ಕಾಕಾ.”

ಅವನು ಸಿಟ್ಟಿಲ್ಲದೆ, ನೀರಿನ ಆಳ ಹೇಳುವವನ ಹಾಗೆ ಹೇಳಿದ: “ನಿನಗ ಗೊತ್ತಿತ್ತಂತ ನನಗೂ ಗೊತ್ತಿತ್ತವ್ವಾ. ಮಂದಿಗಿ ಗೊತ್ತಿರಲಿಲ್ಲ ನೋಡು.”

ನೆಲೋಗಿ ಬಂತು, ಅವನು ಇಳಿದ. ಮರುದಿನವೇ ಊರಿಗೆ ಹೋಗಿ ಕಟ್ಟೆಯ ಮೇಲೆ ನಿಂತು ಹೇಳಬಹುದಿತ್ತು. ದೊಡ್ಡಪ್ಪ ಇನ್ನೂ ಇದ್ದ. ಅವನ ಕಾಲ ಮುಗಿಯಲಿ ಎಂದುಕೊಂಡೆ. ನಾನೂ ಆ ಮನೆಯ ರಕ್ತವಲ್ಲವೇ. ಹಣಮಂತಪ್ಪನೇ ಮೊದಲು ಹೋದ. ದೊಡ್ಡಪ್ಪ ಅವನ ನಂತರ ಎಷ್ಟೋ ವರ್ಷ ಗಟ್ಟಿಯಾಗಿ ಬದುಕಿ, ಭಜನೆಯ ಜೊತೆ ಹೂ ಕಟ್ಟಿದ ಶವದ ವಿಮಾನದಲ್ಲಿ ಕೂತು ಮೆರವಣಿಗೆಯಾಗಿ ಮಣ್ಣಿಗೆ ಹೋದ. ಆಮೇಲೆ ನಾನು ಧೈರ್ಯವಂತೆಯಾದೆ. ಊರಿಗೆ ಹೋಗಿ ಕಟ್ಟೆಯ ಮೇಲೆ ಕೂತಿದ್ದವರಿಗೆ ಎಲ್ಲ ಹೇಳಿದೆ: ಗೂಟ, ಗಂಟು, ಕೊಡಲಿ, ನಾನು ತಲೆಯಾಡಿಸಿದ್ದು, ಏನೂ ಬಿಡದೆ. ಸೇತುವೆಯ ಮೇಲೆ ಬೈಕುಗಳು ಹೋಗುತ್ತಿದ್ದವು. ಅವರು ಹಿರಿಯಳೆಂಬ ಮರ್ಯಾದೆಗೆ ಕೊನೆಯವರೆಗೂ ಕೇಳಿದರು. ಮುಗಿದ ಮೇಲೆ ಅವರಲ್ಲೊಬ್ಬ ಮೆಲ್ಲಗೆ ಕೇಳಿದ, “ಯಾವ ಹಣಮಂತಪ್ಪರಿ?”