ಮಣ್ಣಿನೊಳಗೇ ಮುಗಿದ ಪೈಪು

ಮಿರ್ಲೆಯಿಂದಾಚೆ ಇರುವ ನಮ್ಮ ಊರಿನ ಮೇಲಿನ ಬೀದಿಗೆ ನಲ್ಲಿ ಹಾಕಿದ ದಿನ, ನಮ್ಮನೆಯ ನಲ್ಲಿಗೆ ನಾನೇ ಅರಿಶಿನ ಕುಂಕುಮ ಹಚ್ಚಿದ್ದೆ. ಸರ್ಕಾರದ ದುಡ್ಡು, ಅದರ ಜೊತೆ ಮನೆಮನೆಯಿಂದ ಎತ್ತಿದ ವಂತಿಗೆ. ಪಂಚಾಯಿತಿಯವರು ನನ್ನನ್ನು ನಲ್ಲಿಯ ಪಕ್ಕ ನಿಲ್ಲಿಸಿ ಫೋಟೊ ತೆಗೆದುಕೊಂಡು ಹೋದರು. ನೀರು ಮಾತ್ರ ಬರಲಿಲ್ಲ.

ಕೆಳಗಿನ ಬೀದಿಯಲ್ಲಿ ಬರುತ್ತಿತ್ತು. ನಾವು ಅಲ್ಲಿಂದಲೇ ಕೊಡ ಹೊತ್ತೆವು. ಕೇಳಿದರೆ ನೀರು ಬಿಡುವವನು, "ನಿಮ್ದು ಎತ್ತರ ಕಣವ್ವ, ಒತ್ತಡ ಸಾಲ್ದು" ಎನ್ನುತ್ತಿದ್ದ. ಪೆದ್ದಿಯ ಹಾಗೆ ನಂಬಿದೆ. ಆದರೆ ನೀರಿನ ಬಿಲ್ಲು ಎತ್ತರ ತಗ್ಗು ನೋಡಲಿಲ್ಲ, ತಿಂಗಳು ತಪ್ಪದೆ ಬಂತು. ಒಂದು ಬೆಳಿಗ್ಗೆ ವಸೂಲಿಗೆ ಬಂದವನು, "ಕಟ್ದೇ ಓದ್ರೆ ನಲ್ಲಿ ಕಟ್ ಮಾಡ್ತೀವಿ" ಎಂದು ಹೇಳಿ ಹೋದ. ನನಗೆ ಮೈಯೆಲ್ಲ ಉರಿಯಿತು.

ಪಕ್ಕದ ಮನೆಯಾಕೆಗೆ ಎಪ್ಪತ್ತರ ಹತ್ತಿರ. ಮಂಡಿನೋವಿನಲ್ಲೇ ನೀರು ಹೊರುವವಳು. ಅವನ ಮಾತು ಕೇಳಿಸಿಕೊಂಡವಳೇ ಗುದ್ದಲಿ ತಂದು ನನ್ನ ಕೈಗಿಟ್ಟಳು. "ಅಗಿ ಕಣವ್ವ. ಅದೇನು ಒತ್ತಡವೋ ನೋಡೇ ಬುಡಾವ."

ನಲ್ಲಿಯ ಬುಡದಿಂದ ಜಾಡು ಹಿಡಿದು ಅಗೆದೆವು. ಬೀದಿಯ ಹೆಂಗಸರೆಲ್ಲ ಸೇರಿದರು. ಪೈಪನ್ನು ಗೇಣುದ್ದ ಆಳಕ್ಕೂ ಹೂತಿರಲಿಲ್ಲ. ರಸ್ತೆಯ ತಿರುವಿಗೆ ಬರುವಷ್ಟರಲ್ಲಿ ಅದು ಮುಗಿದೇಹೋಯಿತು. ಬಾಯಿಗೆ ಮುಚ್ಚಳವೂ ಇಲ್ಲದೆ ಮಣ್ಣು ತುಂಬಿಕೊಂಡಿತ್ತು. ನೀರು ಬರುವ ದೊಡ್ಡ ಪೈಪು ಇನ್ನೂ ಇಪ್ಪತ್ತು ಮಾರು ಆಚೆಗಿತ್ತು. ಜೋಡಿಸಿಯೇ ಇರಲಿಲ್ಲ!

ಮಾರನೆಯ ದಿನ ಸುದ್ದಿ ತಿಳಿದು ಇಂಜಿನಿಯರು ಬಂದು ಬಗ್ಗಿ ನೋಡಿದರು. "ಕಾಗದದಲ್ಲಿ ಕೆಲಸ ಪೂರ್ತಿಯಾಗಿದೆ. ಇದನ್ನ ಜೋಡಿಸೋ ಖರ್ಚು ನೀವೇ ಹಾಕ್ಕೋಬೇಕಾಗುತ್ತೆ."

"ಸರ್ಕಾರ ಒಂದ್ಸಲ ಕೊಟ್ಟದೆ, ನಾವೊಂದ್ಸಲ ಕೊಟ್ಟಿದ್ದೀವಿ. ಮೂರ್ನೇ ಸಲ ಯಾರ ಒಟ್ಟೆ ತುಂಬಿಸ್ಬೇಕು ಸಾರ್?" ಎಂದೆ.

ರಸ್ತೆಗಡ್ಡ ಅಗೆದ ಗುಂಡಿಯನ್ನು ನಾವು ಮುಚ್ಚಲಿಲ್ಲ. ಟ್ರಾಕ್ಟರು, ಹಾಲಿನ ವ್ಯಾನು ಎಲ್ಲ ಅಲ್ಲೇ ನಿಂತವು. ಊರಿನ ಗಂಡಸರು ಬೈದರೂ ಜಗ್ಗಲಿಲ್ಲ. ನಾಲ್ಕನೆಯ ದಿನ, ಮೊದಲು ಪೈಪು ಹಾಕಿದ್ದ ಗುತ್ತಿಗೆದಾರನ ಆಳುಗಳೇ ಉಳಿದ ಪೈಪು ತಂದು ಜೋಡಿಸಿ ಹೋದರು. ಸಂಜೆಗೆ ನೀರು ಬಂತು. ಕೆಂಪಗೆ ಬಂದು, ಆಮೇಲೆ ತಿಳಿಯಾಯಿತು. ಪಕ್ಕದ ಮನೆಯಾಕೆ ಕೊಡ ತುಂಬಿ ಚೆಲ್ಲಿದರೂ ನಲ್ಲಿ ನಿಲ್ಲಿಸಲಿಲ್ಲ.

ಆ ತಿಂಗಳಿಂದ ಬಿಲ್ಲು ಕಟ್ಟುತ್ತಿದ್ದೇನೆ, ಸಂತೋಷವಾಗಿಯೇ. ಮೋಟಾರಿಗೆ ಕರೆಂಟು ಬೇಕು, ನೀರು ಬಿಡುವವನಿಗೆ ಸಂಬಳ ಬೇಕು, ಅಷ್ಟು ತಿಳಿಯುತ್ತದೆ. ಹಿಂದಿನದನ್ನು ಮಾತ್ರ ಕಟ್ಟಲಿಲ್ಲ. ಗ್ರಾಮಸಭೆಯಲ್ಲಿ ಎದ್ದು, ಹಾಕದ ಪೈಪಿಗೆ ದುಡ್ಡು ತಿಂದವರು ಯಾರು ಎಂದು ಕೇಳಿದೆ.

"ನೀರು ಬಂತಲ್ಲವ್ವ, ಇನ್ನೇನು?" ಎಂದರು ವೇದಿಕೆಯ ಮೇಲಿದ್ದವರೊಬ್ಬರು. ಕೆಲವರು ನಕ್ಕರು. ನಾನು ಕೂರಲಿಲ್ಲ. ಅವರು ಮುಂದಿನ ವಿಷಯ ಓದತೊಡಗಿದರು.